ಬಲಶಾಲಿಯೇ ಗೆಲ್ಲುವುದಾದರೆ ಕಾಡಿನಲ್ಲಿ ಇಷ್ಟು ಬಗೆಯ ಮರಗಳು ಉಳಿದದ್ದು ಹೇಗೆ?

ಪ್ರಶ್ನೆ: ಪೈಪೋಟಿಯಲ್ಲಿ ಗಟ್ಟಿಗರು ಉಳಿಯುತ್ತಾರೆ, ಸೋತವರು ಅಳಿಯುತ್ತಾರೆ ಎಂದು ಓದಿದ್ದೇನೆ. ಆದರೆ ಮರಗಳಿಗೆಲ್ಲ ಬೇಕಾದದ್ದು ಅದೇ ಬಿಸಿಲು, ಅದೇ ನೀರು, ಅದೇ ಮಣ್ಣು. ಹಾಗಿದ್ದರೆ ಯಾವುದೋ ಒಂದು ಜಾತಿಯ ಮರ ಉಳಿದವನ್ನೆಲ್ಲ ಹಿಂದಕ್ಕೆ ತಳ್ಳಿ ಇಡೀ ಕಾಡನ್ನು ತನ್ನದಾಗಿಸಿಕೊಳ್ಳಬೇಕಿತ್ತಲ್ಲವೇ? 'ಪ್ರತಿ ಜೀವಿಗೂ ಅದರದೇ ಜಾಗ ಇದೆ' ಎಂಬ ಉತ್ತರ ನನಗೆ ಸಾಲುತ್ತಿಲ್ಲ. ಇನ್ನೊಂದು ಪ್ರಶ್ನೆ: ಬೇರೆ ಖಂಡದಿಂದ ಬಂದ ಕೆಲವು ಗಿಡಗಳು ಮಾತ್ರ ಎಲ್ಲವನ್ನೂ ನುಂಗಿ ಹಬ್ಬುತ್ತವಲ್ಲ, ಅವು ಈ ಲೆಕ್ಕಕ್ಕೆ ಸಿಗುವುದಿಲ್ಲವೇ?

ಉತ್ತರ: ಆ ಉತ್ತರ ನಿಮಗೆ ಸಾಲದೇ ಹೋದದ್ದು ನನಗೆ ಖುಷಿ ಕೊಟ್ಟಿತು. 'ಪ್ರತಿ ಜೀವಿಗೂ ಅದರದೇ ಜಾಗ ಇದೆ' ಎನ್ನುವುದು ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ. ಆ ಜಾಗ ಏನು ಮಾಡುತ್ತದೆ, ಸೋಲುವವರನ್ನು ಹೇಗೆ ಕಾಪಾಡುತ್ತದೆ ಎಂದು ಹೇಳದಿದ್ದರೆ ಏನನ್ನೂ ವಿವರಿಸಿದ ಹಾಗಾಗುವುದಿಲ್ಲ.

ಕಾಡಿಗೆ ಹೋಗುವ ಮೊದಲು ಗಾಜಿನ ಕೊಳವೆಯಿಂದ ಶುರು ಮಾಡೋಣ. 1930ರ ದಶಕದ ಆರಂಭದಲ್ಲಿ ಮಾಸ್ಕೋದ ಗಿಯೋರ್ಗಿ ಗೌಸ್ ಎಂಬ ವಿಜ್ಞಾನಿ ಪ್ಯಾರಾಮೀಸಿಯಂ ಎಂಬ ಒಂದೇ ಕೋಶದ ಜೀವಿಗಳನ್ನು ಕೊಳವೆಗಳಲ್ಲಿ ಸಾಕುತ್ತಿದ್ದರು. ಆಗ ಅವರಿಗಿನ್ನೂ ಇಪ್ಪತ್ತರ ಹರೆಯ. ಔರೇಲಿಯಾ ಎಂಬ ಪ್ರಭೇದ ಒಂಟಿಯಾಗಿದ್ದಾಗ ಚೆನ್ನಾಗಿ ಬೆಳೆಯಿತು. ಕಾಡೇಟಂ ಎಂಬುದೂ ಒಂಟಿಯಾಗಿದ್ದಾಗ ಚೆನ್ನಾಗಿಯೇ ಬೆಳೆಯಿತು. ಎರಡನ್ನೂ ಒಂದೇ ಕೊಳವೆಯಲ್ಲಿ ಬಿಟ್ಟು ಅದೇ ಬ್ಯಾಕ್ಟೀರಿಯಾ ಆಹಾರ ಕೊಟ್ಟಾಗ ಕಾಡೇಟಂ ಕರಗುತ್ತಾ ಹೋಗಿ ಇಲ್ಲವಾಯಿತು. ನಿಮ್ಮ ಪ್ರಶ್ನೆಯಲ್ಲಿರುವ ಭಯ ಅಲ್ಲಿ ಕಣ್ಣೆದುರೇ ನಿಜವಾಯಿತು. ಗೌಸ್ ಇದನ್ನು 1934ರಲ್ಲಿ ಪ್ರಕಟಿಸಿದರು. ಒಂದೇ ಬಗೆಯ ಬದುಕು ನಡೆಸುವ ಎರಡು ಪ್ರಭೇದಗಳು ಒಂದೇ ಕಡೆ ಬಹುಕಾಲ ಉಳಿಯಲಾರವು ಎಂಬ ಮಾತು ಅಲ್ಲಿಂದ ಪ್ರಸಿದ್ಧವಾಯಿತು.

ಪಾಠದ ಪುಸ್ತಕಗಳು ಬಹಳ ಸಲ ಇಲ್ಲಿಗೇ ನಿಲ್ಲಿಸುತ್ತವೆ. ಆದರೆ ಗೌಸ್ ಇನ್ನೊಂದು ಜೋಡಿಯನ್ನೂ ಪರೀಕ್ಷಿಸಿದ್ದರು. ಸೋತಿದ್ದ ಅದೇ ಕಾಡೇಟಂ ಅನ್ನು ಬರ್ಸೇರಿಯಾ ಎಂಬ ಮೂರನೆಯ ಪ್ರಭೇದದ ಜೊತೆ ಇಟ್ಟರು. ಈ ಸಲ ಎರಡೂ ಉಳಿದವು. ಕಾಡೇಟಂ ಮೇಲಿನ ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾ ತಿನ್ನುತ್ತಿತ್ತು. ಬರ್ಸೇರಿಯಾ ತಳದಲ್ಲಿ ಕೂತ ಯೀಸ್ಟ್ ತಿನ್ನುತ್ತಿತ್ತು. ಇಲ್ಲಿ ಒಂದು ವಿಷಯ ಗಮನಿಸಿ. ಒಟ್ಟಿಗಿದ್ದಾಗ ಎರಡರ ಸಂಖ್ಯೆಯೂ ಒಂಟಿಯಾಗಿದ್ದಾಗಿಗಿಂತ ಕಡಿಮೆಯೇ ಇತ್ತು. ಅಂದರೆ ಪೈಪೋಟಿ ನಿಂತಿರಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ತೊಂದರೆ ಕೊಡುತ್ತಲೇ ಇದ್ದರು, ಆದರೂ ಯಾರೂ ಯಾರನ್ನೂ ಮುಗಿಸಲಿಲ್ಲ.

ಯಾಕೆ? ನಿಮ್ಮ ಪ್ರಶ್ನೆಗೆ ನನ್ನ ಉತ್ತರವೆಲ್ಲ ಇಲ್ಲೇ ಇದೆ. ಒಂದು ಕಾಡೇಟಂಗೆ ಅತಿ ಹೆಚ್ಚು ತೊಂದರೆ ಯಾರಿಂದ? ಅದೇ ಮೇಲಿನ ನೀರಿನಲ್ಲಿ ಅದೇ ಬ್ಯಾಕ್ಟೀರಿಯಾ ತಿನ್ನುವ ಇನ್ನೊಂದು ಕಾಡೇಟಂನಿಂದ. ತಳದಲ್ಲಿರುವ ಬರ್ಸೇರಿಯಾದಿಂದ ಅಷ್ಟಾಗಿ ಇಲ್ಲ. ಹೀಗಿದ್ದಾಗ ಯಾರ ಸಂಖ್ಯೆ ಹೆಚ್ಚುತ್ತದೋ ಅವರು ತಮಗೆ ತಾವೇ ಅಡ್ಡಿಯಾಗುತ್ತಾರೆ. ಯಾರ ಸಂಖ್ಯೆ ಇಳಿಯುತ್ತದೋ ಅವರಿಗೆ ಮತ್ತೆ ಏಳಲು ಅವಕಾಶ ಸಿಗುತ್ತದೆ. ಒಂದು ಪ್ರಭೇದ ಬೇರೆಯವರಿಗೆ ಕೊಡುವ ತೊಂದರೆಗಿಂತ ತನ್ನವರಿಗೇ ಜಾಸ್ತಿ ತೊಂದರೆ ಕೊಡುವುದು, ಇಷ್ಟೇ ಷರತ್ತು. ಆಲ್‌ಫ್ರೆಡ್ ಲೋಟ್ಕಾ ಮತ್ತು ವೀಟೊ ವೋಲ್ಟೆರ್ರಾ 1920ರ ದಶಕದಲ್ಲಿ ಬೇರೆ ಬೇರೆಯಾಗಿ ಬರೆದ ಸಮೀಕರಣಗಳಲ್ಲೇ ಈ ಷರತ್ತು ಅಡಗಿತ್ತು. ಗೌಸ್ ಕೊಳವೆಗಳಲ್ಲಿ ಪರೀಕ್ಷಿಸಲು ಹೊರಟಿದ್ದೂ ಅವನ್ನೇ.

ಇದನ್ನು ಪರೀಕ್ಷಿಸುವ ದಾರಿಯೂ ಸರಳ. ಒಂದು ಪ್ರಭೇದವನ್ನು ಬಹಳ ಅಪರೂಪ ಮಾಡಿ ನೋಡಿ. ಉಳಿದವರ ಗದ್ದಲದ ನಡುವೆ ಅದರ ಸಂಖ್ಯೆ ಏರುತ್ತದೆಯೇ? ಪ್ರತಿಯೊಂದು ಪ್ರಭೇದವೂ ತನ್ನ ಸರದಿ ಬಂದಾಗ ಹೀಗೆ ಏರಬಲ್ಲದಾದರೆ ಎಲ್ಲವೂ ಒಟ್ಟಿಗೆ ಬಾಳುತ್ತವೆ. ಇಲ್ಲವಾದರೆ ಇಂದಲ್ಲ ನಾಳೆ ಯಾರೋ ಹೊರಬೀಳುತ್ತಾರೆ.

ಈಗ 'ಅದರದೇ ಜಾಗ' ಎಂಬ ಮಾತಿಗೆ ಬರೋಣ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ರಾಬರ್ಟ್ ಮೆಕಾರ್ಥರ್ 1958ರಲ್ಲಿ ಪ್ರಕಟಿಸಿದ ಹಕ್ಕಿಗಳ ಅಧ್ಯಯನ. ಅಮೆರಿಕದ ಈಶಾನ್ಯ ಭಾಗದ ಸ್ಪ್ರೂಸ್ ಕಾಡುಗಳಲ್ಲಿ ಐದು ಪ್ರಭೇದದ ವಾರ್ಬ್ಲರ್‌ಗಳು ಒಂದೇ ಮರದಲ್ಲಿ ಹುಳು ಹುಡುಕುತ್ತಿದ್ದವು. ಗಾತ್ರ ಹೆಚ್ಚುಕಮ್ಮಿ ಒಂದೇ. ಮೆಕಾರ್ಥರ್ ಪ್ರತಿ ಹಕ್ಕಿ ಮರದ ಯಾವ ಭಾಗದಲ್ಲಿ ಎಷ್ಟು ಹೊತ್ತು ಕಳೆಯುತ್ತದೆ ಎಂದು ಸೆಕೆಂಡುಗಳ ಲೆಕ್ಕದಲ್ಲಿ ಬರೆದಿಟ್ಟರು. ಒಂದು ತುದಿಯ ಹೊರಗೊಂಬೆಗಳಲ್ಲಿ, ಇನ್ನೊಂದು ನಡುವಿನ ಒಳಗೊಂಬೆಗಳಲ್ಲಿ, ಮತ್ತೊಂದು ಬುಡದ ಹತ್ತಿರ. ಮರವನ್ನು ಅವು ಪಾಲು ಮಾಡಿಕೊಂಡಿದ್ದವು.

ಅಧ್ಯಯನ ಸುಂದರವಾಗಿದೆ. ಆದರೆ ಎಚ್ಚರಿಕೆ ಬೇಕು. ಎರಡು ಪ್ರಭೇದಗಳ ನಡುವೆ ವ್ಯತ್ಯಾಸ ಹುಡುಕಿದರೆ ಸಿಕ್ಕೇ ಸಿಗುತ್ತದೆ. ಅವು ಬೇರೆ ಬೇರೆ ಪ್ರಭೇದಗಳು, ಅಲ್ವಾ? ವ್ಯತ್ಯಾಸ ಇದೆ ಎಂದು ತೋರಿಸುವುದು ಒಂದು ಕೆಲಸ. ಆ ವ್ಯತ್ಯಾಸ ಅಪರೂಪವಾದವರ ಕೈ ಹಿಡಿಯುತ್ತದೆ ಎಂದು ತೋರಿಸುವುದು ಬೇರೆಯೇ ಕೆಲಸ, ಅದೇ ಕಷ್ಟದ್ದು. ಇದನ್ನು ನೇರವಾಗಿ ಮಾಡಿ ನೋಡಿದವರು ಜೊನಾಥನ್ ಲೆವಿನ್ ಮತ್ತು ಜನ್ನೆಕೆ ಹಿಲ್ ರಿಸ್ ಲ್ಯಾಂಬರ್ಸ್. ಕ್ಯಾಲಿಫೋರ್ನಿಯಾದ ಒಂದು ವರ್ಷ ಬದುಕುವ ಪುಟ್ಟ ಗಿಡಗಳನ್ನು ಬಿತ್ತಿ, ಕೆಲವು ತಾಕುಗಳಲ್ಲಿ ಬೀಜಗಳ ಪಾಲನ್ನು ತಾವೇ ನಿಗದಿ ಮಾಡುತ್ತಾ ಅಪರೂಪವಾದದ್ದರಿಂದ ಸಿಗುವ ಲಾಭ ಯಾರಿಗೂ ಸಿಗದಂತೆ ನೋಡಿಕೊಂಡರು. ಆ ಲಾಭ ಹೋದಾಗ ವೈವಿಧ್ಯ ಕುಸಿಯಿತು. 2009ರಲ್ಲಿ ಬಂದ ಈ ಕೆಲಸವನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಸುಮ್ನೆ 'ವ್ಯತ್ಯಾಸ ಇದೆ' ಎನ್ನುವಲ್ಲಿಗೆ ಅದು ನಿಲ್ಲಲಿಲ್ಲ.

ಇನ್ನೊಂದು ಎಳೆಯೂ ಇದೆ. 2000ನೇ ಇಸವಿಯಲ್ಲಿ ಪೀಟರ್ ಚೆಸನ್ ಇಡೀ ವಿಷಯವನ್ನು ಎರಡು ಭಾಗ ಮಾಡಿ ತೋರಿಸಿದರು. ಒಂದು, ಪ್ರಭೇದಗಳ ನಡುವಿನ ಬಲದ ಅಂತರ. ಇನ್ನೊಂದು, ಪ್ರತಿ ಪ್ರಭೇದವೂ ತನ್ನನ್ನೇ ಎಷ್ಟು ಹಿಡಿದಿಡುತ್ತದೆ ಎಂಬುದು. ಬಲ ಸರಿಸಮಾನವಾಗಿದ್ದರೆ ಚಿಕ್ಕ ವ್ಯತ್ಯಾಸವೂ ಇಬ್ಬರನ್ನು ಉಳಿಸುತ್ತದೆ. ಬಲದ ಅಂತರ ದೊಡ್ಡದಾಗಿದ್ದರೆ ಚಿಕ್ಕ ವ್ಯತ್ಯಾಸ ಸಾಲದು. ಹಾಗಾಗಿ 'ಇವೆರಡೂ ಸ್ವಲ್ಪ ಬೇರೆ ಆಹಾರ ತಿನ್ನುತ್ತವೆ, ಆದ್ದರಿಂದ ಒಟ್ಟಿಗೆ ಇವೆ' ಎಂದು ಯಾರಾದರೂ ಹೇಳಿದರೆ, ಬಲದ ಅಂತರ ಎಷ್ಟು ಎಂದು ತಕ್ಷಣ ಕೇಳಬೇಕು.

ಇಷ್ಟು ಗೊತ್ತಿದ್ದರೆ ಕಾಡಿಗೆ ಹೋಗಬಹುದು. ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಮಾಡಿ, ಒಂದು ಸೆಂಟಿಮೀಟರ್‌ಗಿಂತ ದಪ್ಪದ ಪ್ರತಿ ಕಾಂಡಕ್ಕೂ ಸಂಖ್ಯೆ ಕೊಟ್ಟು, 1980ರ ದಶಕದ ಆರಂಭದಿಂದ ಮತ್ತೆ ಮತ್ತೆ ಎಣಿಸುತ್ತಾ ಬಂದಿದ್ದಾರೆ. ಅಲ್ಲಿ ಸುಮಾರು 300 ಪ್ರಭೇದಗಳಿವೆ. ಬೆಳಕು, ನೀರು, ಸಾರಜನಕ, ರಂಜಕ, ಹೀಗೆ ಬೆರಳೆಣಿಕೆಯ ಅಗತ್ಯಗಳನ್ನು 300 ಪಾಲು ಮಾಡಲು ಆಗುತ್ತದೆಯೇ? ನೀವು ಕೇಳಿದ್ದು ಇದನ್ನೇ. ಬೆಳಕಿಗೆ ಓಡುವ ಮರ, ನೆರಳು ತಾಳುವ ಮರ ಎಂಬ ಭೇದ ಖಂಡಿತ ಇದೆ. ಇಳಿಜಾರಿನ ಮರ, ತಗ್ಗಿನ ಮರ ಎಂಬ ಭೇದವೂ ಇದೆ. ಆದರೂ ಲೆಕ್ಕ 300ರ ಹತ್ತಿರಕ್ಕೂ ಹೋಗುವುದಿಲ್ಲ.

ಡೇನಿಯಲ್ ಜಾನ್ಜೆನ್ 1970ರಲ್ಲಿ, ಜೋಸೆಫ್ ಕಾನೆಲ್ 1971ರಲ್ಲಿ ಒಬ್ಬರಿಂದೊಬ್ಬರು ಬೇರೆಯಾಗಿ ಒಂದೇ ವಿಚಾರ ಮುಂದಿಟ್ಟರು. ಮರಕ್ಕೆ ಬೇಕಾದದ್ದನ್ನು ನೋಡಿದ್ದು ಸಾಕು, ಮರವನ್ನು ತಿನ್ನುವವರನ್ನು ನೋಡಿ ಎಂದರು. ತಾಯಿ ಮರದ ಬುಡದಲ್ಲಿ ಬೀಜಗಳು ರಾಶಿ ಬೀಳುತ್ತವೆ. ಅದೇ ಮರದ ಬೀಜ ಕೊರೆಯುವ ಹುಳುಗಳು, ಅದೇ ಮರದ ಸಸಿಗಳಿಗೆ ತಗಲುವ ಬೂಷ್ಟು ರೋಗಗಳು ಅಲ್ಲೇ ಬೀಡುಬಿಟ್ಟಿರುತ್ತವೆ. ಹೀಗಾಗಿ ತಾಯಿಯ ನೆರಳಿನಲ್ಲಿ ಮೊಳೆತ ಸಸಿ ಬಹುಪಾಲು ಸಾಯುತ್ತದೆ. ದೂರ ಹೋಗಿ ಬಿದ್ದ ಬೀಜಕ್ಕೆ ಆ ಶತ್ರುಗಳ ಕಾಟ ಕಡಿಮೆ. ತಾಯಿ ಮರದ ಕೆಳಗೆ ಬೇರೆ ಜಾತಿಯ ಸಸಿ ಮೊಳೆತರೆ ಅದಕ್ಕೂ ಕಾಟ ಕಡಿಮೆ, ಯಾಕೆಂದರೆ ಅಲ್ಲಿರುವ ಶತ್ರುಗಳು ಅದರವಲ್ಲ.

ನಮ್ಮ ಷರತ್ತು ಇಲ್ಲಿ ಹೇಗೆ ಕಾಣಿಸಿತು ನೋಡಿ. ಮರ ತನ್ನವರಿಗೆ ನೇರವಾಗಿ ಏನೂ ಮಾಡುತ್ತಿಲ್ಲ. ತನ್ನ ಶತ್ರುಗಳನ್ನು ಸಾಕುತ್ತಿದೆ, ಅವು ತನ್ನ ಮಕ್ಕಳನ್ನೇ ತಿನ್ನುತ್ತಿವೆ. ಪ್ರತಿ ಜಾತಿಗೂ ಅದರದೇ ಶತ್ರುಗಳಿದ್ದರೆ 300 ಜಾತಿಗೆ ಬೆರಳೆಣಿಕೆಯ ಅಗತ್ಯಗಳು ಸಾಲುವುದಿಲ್ಲ ಎಂಬ ಚಿಂತೆಯೇ ಬೇಡ. ಪಾಲು ಮಾಡಿಕೊಳ್ಳುತ್ತಿರುವುದು ಆಹಾರವನ್ನಲ್ಲ, ಶತ್ರುಗಳನ್ನು. ಈ ಯೋಚನೆ ಮೊದಲ ಸಲ ಅರ್ಥವಾದಾಗ ನಾನು ಬಹಳ ಹೊತ್ತು ಅದರಲ್ಲೇ ಮುಳುಗಿದ್ದೆ.

ಯೋಚನೆ ಚೆನ್ನಾಗಿದೆ, ಸಾಕ್ಷಿ ಬೇಕಲ್ಲ. ರಾಬರ್ಟ್ ಬಾಗ್ಚಿ ಮತ್ತು ಸಂಗಡಿಗರು ಬೆಲೀಜ್ ದೇಶದ ಕಾಡೊಂದರಲ್ಲಿ ನೆಲದ ಸಣ್ಣ ತಾಕುಗಳಿಗೆ ಔಷಧಿ ಸಿಂಪಡಿಸಿದರು. ಕೆಲವಕ್ಕೆ ಶಿಲೀಂಧ್ರನಾಶಕ, ಕೆಲವಕ್ಕೆ ಕೀಟನಾಶಕ, ಇನ್ನು ಕೆಲವಕ್ಕೆ ಬರೀ ನೀರು. ಬೀಜ ಬಿದ್ದು ಸಸಿ ಏಳುವ ಹಂತದಲ್ಲಿ ಸಾಮಾನ್ಯವಾಗಿ ವೈವಿಧ್ಯ ಹೆಚ್ಚುತ್ತದೆ. ಜಾಸ್ತಿ ಬಿದ್ದ ಬೀಜಗಳ ಜಾತಿಯಲ್ಲಿ ಜಾಸ್ತಿ ಸಾವು. ಶಿಲೀಂಧ್ರನಾಶಕ ಹಾಕಿದ ಕಡೆ ಸಸಿಗಳ ವೈವಿಧ್ಯ ಇಳಿಯಿತು. ಕೀಟನಾಶಕ ಹಾಕಿದ ಕಡೆ ಯಾವ ಜಾತಿ ಎಷ್ಟು ಎಂಬುದು ತುಂಬಾ ಬದಲಾಯಿತು, ಆದರೆ ವೈವಿಧ್ಯ ಅದೇ ರೀತಿ ಕುಸಿಯಲಿಲ್ಲ. ಅಂದರೆ ಆ ಕಾಡಿನಲ್ಲಿ ಸಸಿಗಳ ವೈವಿಧ್ಯ ಕಾಯುತ್ತಿದ್ದದ್ದು ಮುಖ್ಯವಾಗಿ ಕಣ್ಣಿಗೆ ಕಾಣದ ಬೂಷ್ಟು. 2014ರಲ್ಲಿ ಇದು ಪ್ರಕಟವಾಯಿತು.

ಅದಕ್ಕೂ ಮೊದಲು, 2010ರಲ್ಲಿ, ಬಾರೊ ಕೊಲರಾಡೊದಿಂದ ಎರಡು ಅಧ್ಯಯನಗಳು ಬಂದಿದ್ದವು. ಒಂದರಲ್ಲಿ ಲೀಸಾ ಕೋಮಿಟಾ ಮತ್ತು ಸಂಗಡಿಗರು ಸಾವಿರಾರು ಸಸಿಗಳ ಬದುಕು-ಸಾವು ಲೆಕ್ಕ ಹಾಕಿದ್ದರು. ಇನ್ನೊಂದರಲ್ಲಿ ಸ್ಕಾಟ್ ಮ್ಯಾಂಗನ್ ಮತ್ತು ಸಂಗಡಿಗರು ಮಣ್ಣಿನ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿದ್ದರು. ಎರಡೂ ಒಂದೇ ಕಡೆ ಬೆರಳು ತೋರಿಸಿದವು. ತನ್ನದೇ ಜಾತಿಯ ನೆರೆ ಎಲ್ಲ ಮರಗಳಿಗೂ ಒಂದೇ ಸಮನೆ ಕೆಟ್ಟದ್ದಲ್ಲ. ಯಾವ ಜಾತಿಯ ಸಸಿಗೆ ತನ್ನವರ ನೆರೆ ಅತಿ ಹೆಚ್ಚು ಹೊಡೆತ ಕೊಡುತ್ತದೋ ಆ ಜಾತಿ ಕಾಡಿನಲ್ಲಿ ಅಪರೂಪ. ತನ್ನವರ ಜೊತೆ ಸುಮಾರಾಗಿ ಹೊಂದಿಕೊಳ್ಳುವ ಜಾತಿ ಕಾಡಿನಲ್ಲಿ ಸಾಮಾನ್ಯ.

ಇಲ್ಲಿ ಸ್ಟೀಫನ್ ಹಬ್ಬೆಲ್ ಅವರ ಹೆಸರು ಹೇಳಲೇಬೇಕು. ಆ 50 ಹೆಕ್ಟೇರ್ ತಾಕನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. 2001ರಲ್ಲಿ ಅವರು, ಇಷ್ಟೆಲ್ಲ ವಿವರಣೆ ಯಾಕೆ, ಎಲ್ಲ ಮರಗಳೂ ಬಲದಲ್ಲಿ ಸಮ ಎಂದುಕೊಳ್ಳಿ, ಯಾವುದು ಉಳಿಯುತ್ತದೆ ಎಂಬುದು ಬರೀ ಅದೃಷ್ಟ ಎಂದುಕೊಳ್ಳಿ, ಆಗಲೂ ಬಹಳ ಕಾಲ ವೈವಿಧ್ಯ ಇರಬಲ್ಲದು ಎಂದು ತೋರಿಸಿದರು. ಹಲವರಿಗೆ ಇದು ಸಿಟ್ಟು ತರಿಸಿತು. ನನಗೆ ಇದು ತುಂಬಾ ಉಪಕಾರ ಮಾಡಿದ ವಾದ ಎನಿಸುತ್ತದೆ, ಏಕೆಂದರೆ ಅದು ಎಲ್ಲರಿಂದಲೂ ಗಟ್ಟಿ ಸಾಕ್ಷಿ ಕೇಳಿತು. ಆದರೆ ಕೊನೆಯ ಉತ್ತರವಾಗಿ ನಾನು ಅದನ್ನು ಒಪ್ಪುವುದಿಲ್ಲ. ಬರೀ ಅದೃಷ್ಟವೇ ಆಗಿದ್ದರೆ ಶಿಲೀಂಧ್ರನಾಶಕ ಹಾಕಿದಾಗ ವೈವಿಧ್ಯ ಇಳಿಯಬೇಕಾಗಿರಲಿಲ್ಲ.

ಮರ ಬಿಟ್ಟು ನೀರಿಗೆ ಬಂದರೆ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. 1961ರಲ್ಲಿ ಜಿ. ಈವ್ಲಿನ್ ಹಚಿನ್ಸನ್ ಕೇಳಿದ್ದು ಇದನ್ನೇ: ಕೆರೆಯ ಮೇಲ್ಪದರ ಸದಾ ಕಲಕುತ್ತಿರುತ್ತದೆ, ಅಲ್ಲಿ ಬೆಳಕು ಮತ್ತು ಕೆಲವೇ ಪೋಷಕಾಂಶ, ಆದರೂ ಹತ್ತಾರು ಬಗೆಯ ತೇಲುವ ಪಾಚಿ ಒಟ್ಟಿಗೆ ಹೇಗೆ? ಡೇವಿಡ್ ಟಿಲ್‌ಮನ್ 1977ರಲ್ಲಿ ಆಸ್ಟೀರಿಯೊನೆಲ್ಲಾ, ಸೈಕ್ಲೋಟೆಲ್ಲಾ ಎಂಬ ಎರಡು ಡಯಾಟಮ್‌ಗಳನ್ನು (ಸಿಲಿಕಾದ ಕವಚವಿರುವ ಒಂದೇ ಕೋಶದ ಪಾಚಿಗಳನ್ನು) ಬೆಳೆಸಿ ಒಂದು ಪಾಲಿನ ಉತ್ತರ ಕೊಟ್ಟರು. ರಂಜಕ ಕೊರತೆ ಇದ್ದಾಗ ಮೊದಲನೆಯದು ಗೆಲ್ಲುತ್ತದೆ. ಸಿಲಿಕಾ ಕೊರತೆ ಇದ್ದಾಗ ಎರಡನೆಯದು ಗೆಲ್ಲುತ್ತದೆ. ಒಂದಕ್ಕೆ ಸಿಲಿಕಾ ಸಾಲದೆ, ಇನ್ನೊಂದಕ್ಕೆ ರಂಜಕ ಸಾಲದೆ ಇರುವಂಥ ಪ್ರಮಾಣದಲ್ಲಿ ಬೆರೆಸಿದರೆ ಎರಡೂ ಉಳಿಯುತ್ತವೆ.

ಹಚಿನ್ಸನ್ ಅವರ ಸ್ವಂತ ಊಹೆ ಬೇರೆಯಿತ್ತು. ಒಬ್ಬರು ಗೆದ್ದು ಮುಗಿಸುವಷ್ಟರಲ್ಲಿ ಕಾಲವೇ ಬದಲಾಗುತ್ತದೆ, ಗೆಲ್ಲುವವರೂ ಬದಲಾಗುತ್ತಾರೆ ಎಂದು ಅವರು ಹೇಳಿದರು. ಇದು ಕೇಳಲು ಸರಳ, ಆದರೆ ಸುಮ್ನೆ ಬದಲಾವಣೆ ಆದರೆ ಸಾಲದು. ಒಳ್ಳೆಯ ವರ್ಷದ ಗಳಿಕೆಯನ್ನು ಕೆಟ್ಟ ವರ್ಷಗಳಿಗೆ ಕೂಡಿಡುವ ದಾರಿ ಬೇಕು. ಅಮೆರಿಕದ ಸೊನೋರಾ ಮರುಭೂಮಿಯ ವಾರ್ಷಿಕ ಗಿಡಗಳು ಇದನ್ನು ಬೀಜದಲ್ಲಿ ಮಾಡುತ್ತವೆ. ಮಳೆ ಬಂದರೂ ಎಲ್ಲ ಬೀಜ ಮೊಳೆಯುವುದಿಲ್ಲ. ಕೆಲವು ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತವೆ. ಒಂದು ಪ್ರಭೇದಕ್ಕೆ ಒಗ್ಗುವ ವರ್ಷ ಇನ್ನೊಂದಕ್ಕೆ ಒಗ್ಗುವುದಿಲ್ಲ. ಸಂಖ್ಯೆ ಜಾಸ್ತಿ ಇರುವ ಪ್ರಭೇದಕ್ಕೆ ಒಳ್ಳೆಯ ವರ್ಷ ಬಂದರೆ ಎಲ್ಲೆಡೆ ಅದೇ ಮೊಳೆತು ತನ್ನವರ ಜೊತೆಯೇ ನೂಕಾಟ. ಅಪರೂಪದ ಪ್ರಭೇದಕ್ಕೆ ಒಳ್ಳೆಯ ವರ್ಷ ಬಂದರೆ ಮೈದಾನ ಖಾಲಿ ಇರುತ್ತದೆ. ಕಾಲ ಬೇರೆ, ಜಾಗ ಒಂದೇ, ಷರತ್ತು ಮಾತ್ರ ಹಳೆಯದೇ.

ಬೇಟೆಗಾರರು ವೈವಿಧ್ಯ ಉಳಿಸುತ್ತಾರೆ ಎಂದೂ ನೀವು ಕೇಳಿರಬಹುದು. ರಾಬರ್ಟ್ ಪೇನ್ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲ ಬಂಡೆಗಳಿಂದ ನಕ್ಷತ್ರ ಮೀನುಗಳನ್ನು ಕಿತ್ತು ಸಮುದ್ರಕ್ಕೆ ಎಸೆಯುತ್ತಿದ್ದರು. ಅದನ್ನೇ ಮತ್ತೆ ಮತ್ತೆ ಮಾಡಿದರು. ಬಂಡೆಯ ಮೇಲಿದ್ದ 15 ಪ್ರಭೇದಗಳು 8ಕ್ಕೆ ಇಳಿದವು ಎಂದು 1966ರಲ್ಲಿ ಬರೆದರು. ಮಸಲ್ ಎಂಬ ಚಿಪ್ಪಿನ ಜೀವಿ ಬಂಡೆಯನ್ನು ಆವರಿಸುತ್ತಾ ಹೋಯಿತು. ಇದರಿಂದ 'ತಿನ್ನುವವರಿದ್ದರೆ ವೈವಿಧ್ಯ' ಎಂಬ ಪಾಠ ಕಲಿತರೆ ತಪ್ಪು. ಎಲ್ಲರನ್ನೂ ಒಂದೇ ಸಮ ತಿನ್ನುವ ಬೇಟೆಗಾರ ಯಾರನ್ನೂ ಕಾಪಾಡುವುದಿಲ್ಲ. ಆ ನಕ್ಷತ್ರ ಮೀನು ಗೆಲ್ಲಬೇಕಾದ ಮಸಲ್ ಅನ್ನೇ ಮುಖ್ಯವಾಗಿ ತಿನ್ನುತ್ತಿತ್ತು, ಅದೇ ಕಾರಣ. ಡಾರ್ವಿನ್ ಕೂಡ ಇಂಥದ್ದನ್ನು ಗಮನಿಸಿದ್ದರು. ಕತ್ತರಿಸುತ್ತಾ ಬಂದಿದ್ದ ಮೂರಡಿ ಅಗಲ, ನಾಲ್ಕಡಿ ಉದ್ದದ ಹುಲ್ಲಿನ ತಾಕನ್ನು ಬೆಳೆಯಲು ಬಿಟ್ಟಾಗ 20 ಪ್ರಭೇದಗಳಲ್ಲಿ 9 ಸತ್ತುಹೋದವು. ಕತ್ತರಿಯ ಏಟು ಎತ್ತರದವರಿಗೆ ಜಾಸ್ತಿ ಬೀಳುತ್ತಿತ್ತು.

ಈ ಆಸರೆಗಳನ್ನು ಕಿತ್ತುಕೊಂಡರೆ ಏನಾಗುತ್ತದೆ ಎಂದು ನೋಡಲು ಇಂಗ್ಲೆಂಡಿನ ರೋಥಮ್‌ಸ್ಟೆಡ್‌ಗೆ ಹೋಗಬೇಕು. ಅಲ್ಲಿ 1856ರಿಂದ ಒಂದೇ ಹುಲ್ಲುಗಾವಲಿನ ಬೇರೆ ಬೇರೆ ತಾಕುಗಳಿಗೆ ಬೇರೆ ಬೇರೆ ಗೊಬ್ಬರ ಹಾಕುತ್ತಾ ಬಂದಿದ್ದಾರೆ. ಗೊಬ್ಬರ ಇಲ್ಲದ ತಾಕುಗಳಲ್ಲಿ ಸುಮಾರು 40 ಪ್ರಭೇದಗಳು. ಸುಣ್ಣ ಹಾಕದೆ ಅಮೋನಿಯಂ ಗೊಬ್ಬರ ಧಾರಾಳವಾಗಿ ಸುರಿದ ತಾಕುಗಳಲ್ಲಿ ಎರಡು ಮೂರು. ಮಣ್ಣು ಹುಳಿಯಾದದ್ದೂ ಇದಕ್ಕೆ ಒಂದು ಕಾರಣ. ಆದರೆ ಗೊಬ್ಬರ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮಣ್ಣಿನೊಳಗೆ ಒಂದೊಂದು ಪ್ರಭೇದಕ್ಕೂ ಒಂದೊಂದು ಪೋಷಕಾಂಶದ ಕೊರತೆ ಇದ್ದಾಗ ಪ್ರತಿಯೊಂದೂ ಒಂದು ಕಡೆ ಸೋಲುತ್ತಿತ್ತು, ಇನ್ನೊಂದು ಕಡೆ ಗೆಲ್ಲುತ್ತಿತ್ತು. ಕೊರತೆ ನೀಗಿಸಿದರೆ ಎಲ್ಲರ ಪೈಪೋಟಿಯೂ ಬೆಳಕು ಎಂಬ ಒಂದೇ ವಸ್ತುವಿಗೆ ಬಂದು ನಿಲ್ಲುತ್ತದೆ. ಎತ್ತರದ ಹುಲ್ಲು ಗೆಲ್ಲುತ್ತದೆ. ಜ್ಯೂರಿಕ್‌ನ ಸಂಶೋಧಕರು ಇದನ್ನು ಚಂದವಾಗಿ ಪರೀಕ್ಷಿಸಿದರು. ಗೊಬ್ಬರ ಹಾಕಿದ ಹುಲ್ಲಿನ ಕೆಳಭಾಗಕ್ಕೆ ದೀಪ ಹಾಕಿ ಬೆಳಕು ಕೊಟ್ಟರು. ಗೊಬ್ಬರ ಇದ್ದರೂ ಪ್ರಭೇದಗಳು ಕಳೆದುಹೋಗಲಿಲ್ಲ. ಇದು ಪ್ರಕಟವಾದದ್ದೂ 2009ರಲ್ಲೇ.

ಈಗ ನಿಮ್ಮ ಎರಡನೆಯ ಪ್ರಶ್ನೆ, ಹೊರಗಿನಿಂದ ಬಂದ ಗಿಡಗಳು. ಅವೆಲ್ಲ ಹುಟ್ಟಾ ಬಲಶಾಲಿಗಳು ಎಂದುಕೊಳ್ಳುವುದು ಸಹಜ. ಕೆಲವು ಹಾಗಿರಲೂಬಹುದು. ಆದರೆ ಅವುಗಳ ತವರಿನಲ್ಲಿ ಅವು ಹೇಗಿದ್ದವು ಎಂದು ಕೇಳಿದರೆ ಬಹಳ ಕಲಿಯಬಹುದು. ಬ್ಲ್ಯಾಕ್ ಚೆರ್ರಿ ಎಂಬ ಮರವನ್ನೇ ತೆಗೆದುಕೊಳ್ಳಿ. ಅದರ ತವರು ಉತ್ತರ ಅಮೆರಿಕ. ಅಲಿಸಾ ಪ್ಯಾಕರ್ ಮತ್ತು ಕೀತ್ ಕ್ಲೇ 2000ನೇ ಇಸವಿಯಲ್ಲಿ ಅಲ್ಲಿನ ಸಸಿಗಳ ಬಗ್ಗೆ ಬರೆದರು. ದೊಡ್ಡ ಮರದ ಹತ್ತಿರದ ಸಸಿಗಳು ಜಾಸ್ತಿ ಸಾಯುತ್ತಿದ್ದವು. ಮರದ ಬುಡದ ಮಣ್ಣು ತಂದು, ಸೂಕ್ಷ್ಮಜೀವಿಗಳನ್ನು ಕೊಂದು, ಅದರಲ್ಲಿ ಬೆಳೆಸಿದರೆ ಸಸಿಗಳು ಉಳಿಯುತ್ತಿದ್ದವು. ಕೊಲ್ಲುತ್ತಿದ್ದದ್ದು ಪಿಥಿಯಂ ಎಂಬ ರೋಗಾಣು, ಸಸಿಮಡಿಗಳಲ್ಲಿ ಬುಡ ಕೊಳೆಸುವ ಬಳಗದ್ದೇ.

ಇದೇ ಮರವನ್ನು ಯುರೋಪಿಗೆ ಒಯ್ದು ನೆಟ್ಟರು. ಅಲ್ಲಿ ಅದು ಕಾಡುಗಳಲ್ಲಿ ಒತ್ತಾಗಿ ಹಬ್ಬಿದೆ. ಕರ್ಟ್ ರೈನ್‌ಹಾರ್ಟ್ ಮತ್ತು ಸಂಗಡಿಗರು 2003ರಲ್ಲಿ ಎರಡೂ ಖಂಡಗಳ ಮಣ್ಣನ್ನು ಹೋಲಿಸಿದರು. ತವರಿನಲ್ಲಿ ದೊಡ್ಡ ಮರದ ಬುಡದ ಮಣ್ಣು ಸಸಿಯನ್ನು ಹಿಡಿದಿಡುತ್ತಿತ್ತು. ಯುರೋಪಿನಲ್ಲಿ ಅದೇ ಜಾತಿಯ ದೊಡ್ಡ ಮರದ ಬುಡದ ಮಣ್ಣು ಸಸಿಯ ಬೆಳವಣಿಗೆಗೆ ನೆರವಾಗುತ್ತಿತ್ತು. ತನ್ನವರಿಗೇ ಜಾಸ್ತಿ ತೊಂದರೆ ಕೊಡುವ ಗುಣ ಆ ಮರದೊಳಗೆ ಇರಲೇ ಇಲ್ಲ. ಅದು ತವರಿನ ಮಣ್ಣಿನಲ್ಲಿತ್ತು. ಬೀಜ ಹಡಗು ಹತ್ತಿತು, ಮಣ್ಣು ಅಲ್ಲೇ ಉಳಿಯಿತು.